ಘಾರಾಪುರಿಯಲ್ಲಿ ಶೆಟ್ಟೆಪ್ಪನ ಎಡೆ

ವಿಜಯಪುರದ ಕಡೆಯ ಶೆಟ್ಟೆಪ್ಪ ಎಲಿಫೆಂಟಾ ಗುಹೆಯ ಕಾವಲುಗಾರ. ದಹಿಸರ್‌ ಚಾಳಿನಿಂದ ಲೋಕಲ್ ರೈಲು ಹಿಡಿದು, ಗೇಟ್‌ವೇಯಲ್ಲಿ ದೋಣಿ ಹತ್ತಿ ಘಾರಾಪುರಿ ದ್ವೀಪಕ್ಕೆ ಹೋಗುತ್ತಿದ್ದ. ಮೂರು ಮುಖದ ಶಿವನ ಮುಂದೆ ನಿಂತು ಜನರನ್ನು ಗದರುವುದೇ ಕೆಲಸ. ಕಂಬ ಮುಟ್ಟಬೇಡಿ. ಕುಂಕುಮ ಹಚ್ಚಬೇಡಿ. ಹೊರಗೆ ಮಂಗಕ್ಕೆ ತಿನ್ನಲು ಕೊಡಬೇಡಿ. "ನಿಮ್ಮಪ್ಪನ ಮನಿ ಅಲ್ಲ, ಲೋಕದ ಆಸ್ತಿ" ಅನ್ನುತ್ತಿದ್ದ.

ಹೆಂಡತಿ ಅಂಬವ್ವ ಒಮ್ಮೆಯೂ ಗುಹೆ ನೋಡಿರಲಿಲ್ಲ. ಕರೆದರೆ, "ಕಲ್ಲು ನೋಡಾಕ ದೋಣಿ ಹತ್ತಬೇಕೇನು?" ಅನ್ನುತ್ತಿದ್ದಳು.

ಒಂದು ದಿನ ಎದೆ ಹಿಡಿದುಕೊಂಡು ಕೂತ ಶೆಟ್ಟೆಪ್ಪ ಮತ್ತೆ ಏಳಲಿಲ್ಲ. ಮೂರನೆಯ ದಿನ ಚಾಳಿನ ಹಿಂದೆ ಎಡೆ ಇಟ್ಟರು. ಕಾಗೆ ಮುಟ್ಟಲಿಲ್ಲ. "ಏನೋ ಆಸೆ ಉಳಿದದ" ಎಂದಳು ನೆರೆಮನೆಯ ಇಂದ್ರಾಬಾಯಿ. ಆಮೇಲೆ ಅಂಬವ್ವನಿಗೆ ಅನ್ನ ಇಳಿಯಲಿಲ್ಲ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಬುತ್ತಿ ಕಟ್ಟಿಕೊಂಡು ಅವನ ದಾರಿಯಲ್ಲೇ ಹೊರಟಳು.

ಗುಹೆಯ ಬಾಗಿಲಲ್ಲಿ ಅವನ ಜೊತೆಗಾರ ಗುರುಬಸವ ಸಿಕ್ಕ.

"ಅವರು ನಿಂತ ಜಾಗದಾಗ ಎಡಿ ಇಡತೀನಿ."

"ಒಳಗ ಬ್ಯಾಡ್ರಿ ವೈನಿ. ಎಣ್ಣಿ ಬಿದ್ರ ಕಲ್ಲು ಕೆಡತದ. ಅಣ್ಣ ನನ್ನ ಕಾಲು ಮುರದಾನು."

"ಸತ್ತವರು ಬಂದು ಮುರೀತಾರೇನು?"

"ಅಣ್ಣನ್ನ ನಂಬಾಕ ಆಗಂಗಿಲ್ರಿ."

ಗಂಡ ಸತ್ತಮೇಲೆ ಅಂಬವ್ವ ನಕ್ಕದ್ದು ಅದೇ ಮೊದಲು. ಬುತ್ತಿ ಹೊರಗಿಟ್ಟು ಒಳಗೆ ಹೋದಳು. ಶಿವ ಕಣ್ಣು ಮುಚ್ಚಿಕೊಂಡಿದ್ದ. ಇಷ್ಟು ದೊಡ್ಡವನೆಂದು ಗಂಡ ಹೇಳಿರಲಿಲ್ಲ. ಹೇಳಿದ್ದನೇನೋ, ಅವಳು ಕೇಳಿರಲಿಲ್ಲ.

ಶೆಟ್ಟೆಪ್ಪ ದಿನಾ ಉಣ್ಣುತ್ತಿದ್ದ ಮರದಡಿಯ ಕಟ್ಟೆಯನ್ನು ಗುರುಬಸವ ತೋರಿಸಿದ. ಅಲ್ಲಿ ಎಡೆ ಇಟ್ಟು ದೂರ ಸರಿದಳು. ಕಾಗೆಯೊಂದು ಕೊಂಬೆಗೆ ಬಂದು ಕೂತಿತು. ಅದು ಇಳಿಯುವ ಮೊದಲೇ ಕಿವಿ ಹರಿದ ಮಂಗವೊಂದು ಹಾರಿ ರೊಟ್ಟಿ ಕಸಿಯಿತು. ಅಂಬವ್ವ ಕಲ್ಲೆತ್ತಿದಳು.

"ಹೊಡೀಬ್ಯಾಡ್ರಿ! ಅಣ್ಣ ದಿನಾ ಇದಕ್ಕ ಅರ್ಧಾ ರೊಟ್ಟಿ ಹಾಕತಿದ್ದ."

"ಯಾರು, ಅವರಾ? ಹಾಕಬ್ಯಾಡ್ರಿ ಅಂತ ಮಂದೀಗೆಲ್ಲಾ ಬೈಯೋರು?"

"ಮಂದಿ ಇಲ್ಲದಾಗ ಹಾಕತಿದ್ದ."

ಇನ್ನೊಂದು ರೊಟ್ಟಿ ಕಟ್ಟು ಎಂದು ಗಂಡ ದಿನಾ ಕೇಳುತ್ತಿದ್ದದ್ದು ಇದಕ್ಕೆ. ಹೊಟ್ಟೆಯೋ ಜೋಳ ತುಂಬುವ ಹಗೇವೋ ಎಂದು ಇವಳು ಬೈಯುತ್ತಿದ್ದಳು.

ಮಂಗ ಕಟ್ಟೆಯ ತುದಿಯಲ್ಲಿ ಕೂತು, ಅವಸರವಿಲ್ಲದೆ ತಿಂದಿತು. ಕಾಗೆ ಇಳಿಯಲೇ ಇಲ್ಲ.

"ಕಾಗಿ ಬರೂತನಕ ಕಾಯೂಣೇನ್ರಿ?"

"ಬ್ಯಾಡ. ಮುಟ್ಟಬೇಕಾದವರು ಮುಟ್ಟಿದ್ರು."

ಕಲ್ಲು ಕೆಳಗೆ ಹಾಕಿದಳು. ಉಳಿದ ರೊಟ್ಟಿಯನ್ನೂ ಮುರಿದು ಮಂಗದ ಮುಂದಿಟ್ಟಳು. ಗುರುಬಸವ ನೋಡದವನಂತೆ ಸಮುದ್ರದ ಕಡೆಗೆ ಮುಖ ಮಾಡಿ ನಿಂತುಕೊಂಡ.