ಸಿಂಧನೂರಿನ ಅಂಗಳದಲ್ಲಿ ಗೆದ್ದ ವಾದ

ಸಂಜೆ ಆರಕ್ಕೆ ನಲ್ಲಿ ತಿರುಗಿಸಿದರೆ ಕೈ ಚುರ್ ಎನ್ನುತ್ತದೆ. ಗೀಸರ್ ಅಲ್ಲ ಸ್ವಾಮಿ, ತಾರಸಿಯ ಟ್ಯಾಂಕಿನ ನೀರು! ಸಿಂಧನೂರು ನನ್ನನ್ನು ಬರಮಾಡಿಕೊಂಡಿದ್ದು ಹೀಗೆ.

ಅಮ್ಮನಿಗೆ ಮಸ್ಕಿಯ ಬ್ಯಾಂಕಿಗೆ ವರ್ಗವಾದಾಗ ಮಂಡ್ಯದ ಮನೆ ಖಾಲಿ ಮಾಡಿ ಇಲ್ಲಿ ಬಾಡಿಗೆ ಹಿಡಿದೆವು. ಅಮ್ಮ ಲಿಂಗಸುಗೂರು ಬಸ್ಸು ಹತ್ತಿ ಮಸ್ಕಿಗೆ ಹೋದರೆ, ನಾನು ಕಾಲೇಜಿನ ಓದುವ ರಜೆಯಲ್ಲಿ ಎಂಬಿಬಿಎಸ್ ಕೊನೆಯ ಪರೀಕ್ಷೆಗೆ ತುರ್ತು ಚಿಕಿತ್ಸೆಯ ಪುಸ್ತಕ ಹಿಡಿದು ಒಬ್ಬಳೇ ಕೂರುತ್ತಿದ್ದೆ. ಮಂಡ್ಯದಲ್ಲೂ ಕಾಲುವೆ, ಇಲ್ಲೂ ಕಾಲುವೆ. ಅಲ್ಲೂ ಭತ್ತ, ಇಲ್ಲೂ ಭತ್ತ. ಆದರೆ ಅಲ್ಲಿ ಮುದ್ದೆ ನುಂಗಿದವಳಿಗೆ ಇಲ್ಲಿ ಕಟಕಟ ಕಡಿಯುವ ಜೋಳದ ರೊಟ್ಟಿ. ನಾನು ಗಟ್ಟಿಯಾಗಿ ಓದುವುದನ್ನು ಕೇಳಿ ಪಕ್ಕದ ಮನೆಯ ನೀಲಮ್ಮ, "ಯಾರ ಜೋಡಿ ಜಗಳಾ ಮಾಡಾಕತ್ತೀಯವ್ವಾ?" ಎನ್ನುತ್ತಿದ್ದರು.

"ಪುಸ್ತಕದ ಜೊತೆ."

"ಪಾಪ, ಅದಕ್ಕ ಬಾಯಿಲ್ಲ!"

ಒಂದು ಮಧ್ಯಾಹ್ನ ಅವರ ಮಗ ಶರಣಪ್ಪ ಭತ್ತಕ್ಕೆ ಕೀಟನಾಶಕ ಹೊಡೆದು ಬಂದವರು ಅಂಗಳದಲ್ಲೇ ಕುಸಿದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು. ಬೆಳಿಗ್ಗೆ ಓದಿದ ಕೀಟನಾಶಕ ವಿಷದ ಪುಟವೇ ಎದುರಿಗೆ ಬಂದು ಮಲಗಿತ್ತು. ೧೦೮ಕ್ಕೆ ಫೋನ್ ಮಾಡಿಸಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, "ಬಟ್ಟೆ ಬಿಚ್ಚಿ! ನಲ್ಲಿಯ ಬಿಸಿನೀರು ಬೇಡ, ಕೊಡದ ತಣ್ಣೀರು, ಸೋಪು ತನ್ನಿ" ಎಂದೆ. ಅಂಗಿ ಹೋಯಿತು, ಪಂಚೆ ಹೋಯಿತು. ಇಷ್ಟಲಿಂಗ ಕಟ್ಟಿದ ಬಟ್ಟೆ ಮಾತ್ರ ಉಳಿಯಿತು. ಕೀಟನಾಶಕದಲ್ಲಿ ತೊಯ್ದು ಎದೆಗೆ ಅಂಟಿತ್ತು. ವಿಷ ಒಳಗಿಳಿಯಲು ಅಷ್ಟು ಸಾಕು.

ನೀಲಮ್ಮ ಕೈ ಅಡ್ಡ ಇಟ್ಟರು. "ಲಿಂಗ ಮೈ ಬಿಡಂಗಿಲ್ಲವ್ವಾ. ಜೀವ ಹೋದ್ರೂ ಬಿಡಂಗಿಲ್ಲ."

ಚರ್ಚಾಸ್ಪರ್ಧೆಯಲ್ಲಿ ದೇವರಿಲ್ಲವೆಂದು ವಾದಿಸಿ ಕಾಲೇಜಿಗೆ ಕಪ್ ತಂದವಳು ನಾನು. ಅದೇ ವಾದ ಇಲ್ಲಿ ಹೂಡಿದ್ದರೆ ಸೋಲು ಶರಣಪ್ಪನವರದಾಗುತ್ತಿತ್ತು.

"ಪೂಜೆ ಮಾಡುವಾಗ ಲಿಂಗ ಎಲ್ಲಿರುತ್ತಮ್ಮಾ?"

"ಅಂಗೈಯಾಗ."

"ಅಂಗೈ ಮೈಯಲ್ಲವಾ? ಬಿಚ್ಚಬೇಕಾದ್ದು ಬಟ್ಟೆ, ಲಿಂಗವಲ್ಲ."

ನೀಲಮ್ಮ ಅಡ್ಡ ಇಟ್ಟ ಕೈ ತೆಗೆದರು. ತಾವೂ ಕೈಗೆ ಚೀಲ ಕಟ್ಟಿಕೊಂಡರು. ಗಂಟು ಬಿಚ್ಚಿ, ಲಿಂಗ ತೊಳೆದು, ಮಗನ ತೊಳೆದ ಎಡಗೈಯಲ್ಲಿಟ್ಟು ಬೆರಳು ಮಡಚಿ ಹಿಡಿದರು. ನಾನು ಎದೆ ತೊಳೆದೆ, ಪಕ್ಕಕ್ಕೆ ಹೊರಳಿಸಿದೆ. ಆಂಬುಲೆನ್ಸ್ ಬಂದಾಗ ಕೀಟನಾಶಕದ ಬಾಟಲಿಯನ್ನೂ ಜೊತೆಗೆ ಕಳಿಸಿದೆ.

ವಾರ ಕಳೆದು ಶರಣಪ್ಪ ಆಸ್ಪತ್ರೆಯಿಂದ ನಡೆದುಕೊಂಡೇ ಮನೆಗೆ ಬಂದರು. ನಾನೂ ಪಾಸಾದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ, ಬಿಡಿ. ಬಂದಿದ್ದರೂ ಪೂರ್ತಿ ಉತ್ತರ ಯಾವ ಪುಸ್ತಕದಲ್ಲೂ ಇರಲಿಲ್ಲ. ನನ್ನ ಹತ್ತಿರ ಇತ್ತು.

ಫಲಿತಾಂಶದ ದಿನ ನೀಲಮ್ಮ, "ನಮ್ಮ ಓಣಿ ಹುಡುಗಿ ಡಾಕ್ಟರ್ ಆಗ್ಯಾಳ!" ಎಂದು ಮನೆಮನೆಗೆ ಸಕ್ಕರೆ ಹಂಚಿದರು. ಆಗಲೇ ಮಂಡ್ಯದಿಂದ ಸೋದರತ್ತೆಯ ಫೋನು: "ಓದು ಮುಗೀತಲ್ಲ, ಊರಿಗ್ ಯಾವಾಗವ್ವಾ ಬತ್ತೀಯ?"

ಪಕ್ಕದಲ್ಲೇ ನಿಂತಿದ್ದ ನೀಲಮ್ಮ ಫೋನಿಗೆ ಬಾಯಿ ಹಾಕಿದರು. "ಊರಾಗನ ಅದಾಳಲ್ರೀ, ಮತ್ಯಾವ ಊರಿಗಿ?"

ಎರಡೂ ಪಕ್ಷದ ವಾದ ನನಗೆ ಸರಿಯೆನಿಸಿದ್ದು ಅದೇ ಮೊದಲು.