ನಾಲ್ಕೂಕಾಲಿಗೆ ಏಳುವ ಮದರ್‌ಬೋರ್ಡ್

ನನ್ನ ಹಳೇ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ನಾನು ಕಾಫಿ ಕುಡಿದು ಲೋಟವನ್ನೂ ತೊಳೆದಿಡಬಹುದಿತ್ತು. ಹುಣಸೂರಿನ ತಾಲ್ಲೂಕು ಕಚೇರಿಗೆ ಬರುವವರಿಗೆ ಮನೆಯಲ್ಲೇ ಕೂತು ಅರ್ಜಿ ಟೈಪು ಮಾಡಿಕೊಡುವುದು ನನ್ನ ಕೆಲಸ. ಎದುರಿಗೆ ಜನ ಕಾಯುತ್ತಿದ್ದರೆ ಮೈ ಉರಿಯುತ್ತಿತ್ತು. ತಾಳ್ಮೆ ನನ್ನ ಹತ್ತಿರ ಮೊದಲೇ ಕಡಿಮೆ. ಡ್ಯುಯಲ್ ಕೋರ್ ಪ್ರೊಸೆಸರ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ರಿಪೇರಿಯವರನ್ನು ಕರೆಸಿದೆ. ಹಿಂದೆ ರೇಡಿಯೊ ರಿಪೇರಿ ಮಾಡುತ್ತಿದ್ದ, ಐವತ್ತು ದಾಟಿದ ಮನುಷ್ಯ.

"ಹಾಕಬೋದು ಮೇಡಂ, ಆದ್ರೆ ಈ ಮದರ್‌ಬೋರ್ಡ್ ಮೇಲೆ ಅದು ಕೂರಲ್ಲ," ಅಂದರು.

ಹಳೇ ಪ್ರೊಸೆಸರನ್ನು ಕಿತ್ತು ಅಂಗೈಯಲ್ಲಿಟ್ಟು ತೋರಿಸಿದರು. ಅದರ ಅಡಿಯಲ್ಲಿ ಸೂಜಿಯಂಥ ಪಿನ್ನುಗಳು. ಹೊಸದರಲ್ಲಿ ಪಿನ್ನೇ ಇಲ್ಲವಂತೆ, ಅವು ಬೋರ್ಡಿನ ಕಡೆಗಿರುತ್ತವಂತೆ. ಹಾಗಾಗಿ ಬೋರ್ಡೂ ಬದಲಾಗಬೇಕು. ಬೋರ್ಡ್ ಬದಲಾದರೆ ಹಳೇ ರ್‍ಯಾಮ್ ಅದಕ್ಕೆ ಆಗಿಬರುವುದಿಲ್ಲ. "ಮೂರೂ ಒಂದೇ ಮನೆಯಿಂದ ಬಂದ್ರೆ ತಂಟೆ ಇಲ್ಲ ಮೇಡಂ. ಕಟ್ಟೆಮಳಲವಾಡೀಲಿ ಒಬ್ರು ಕೊಡ್ತೀನಿ ಅಂತಾವ್ರೆ."

ಇಬ್ಬರೂ ಹೋದೆವು. ಅರವತ್ತರ ಆಸುಪಾಸಿನ ಹೊಗೆಸೊಪ್ಪಿನ ರೈತರು. ಮನೆಯ ಪಕ್ಕದಲ್ಲೇ ಸೊಪ್ಪು ಬೇಯಿಸುವ ಬ್ಯಾರನ್. "ಆ ಕಂಪ್ಯೂಟರ್ ಬಳಸೋರು ಈಗ ಯಾರೂ ಇಲ್ಲ," ಅಂದರು, ಅಷ್ಟೇ. ಜಗಲಿಯ ಮೇಲೆ ಡಬ್ಬಿ ಬಿಚ್ಚಿ ಬೋರ್ಡ್ ತೆಗೆಯುವಾಗ ಅವರು ಬೀದಿ ಕಡೆ ಮುಖ ಮಾಡಿ ನಿಂತಿದ್ದರು. ಹಾರ್ಡ್ ಡಿಸ್ಕ್ ನಮಗೆ ಬೇಡವಾಗಿತ್ತು, ಅಲ್ಲೇ ಬಿಟ್ಟು ಬಂದೆವು.

ಕಂಪ್ಯೂಟರ್ ನಿಜಕ್ಕೂ ಚುರುಕಾಯಿತು. ಆನ್ ಮಾಡಿದಾಗ ಆ ಬೋರ್ಡಿನ ಜೊತೆ ಬಂದ ಫ್ಯಾನ್ ಒಮ್ಮೆ ಗೊರ್ರೆಂದು ಆಮೇಲೆ ಸುಮ್ಮನಾಗುತ್ತಿತ್ತು, ಅದೊಂದೇ ದೋಷ.

ಎರಡನೇ ದಿನ ಬೆಳಿಗ್ಗೆ ನಮ್ಮವ್ವ ಮಂಕಾಗಿ ಕೂತಿದ್ದಳು. ಅವಳು ಮಲಗುವುದು ಮುಂದಿನ ಕೋಣೆಯಲ್ಲಿ, ಕಂಪ್ಯೂಟರಿನ ಪಕ್ಕ. "ಕೋಳಿ ಕೂಗೋಕ್ಕೆ ಮುಂಚೆ ಅದು ತಾನಾಗೇ ಎದ್ದು ಬೆಳಕು ಬುಡ್ತು ಕಣಮ್ಮಿ. ಯಾರೋ ಬಂದವ್ರೆ," ಅಂದಳು. ಕನಸು ಕಂಡಿದ್ದೀಯ ಎಂದು ರೇಗಿದೆ. ಮಾರನೇ ದಿನ ನಾನೇ ಅಲ್ಲಿ ಮಲಗಿದೆ. ಸರಿಯಾಗಿ ನಾಲ್ಕೂಕಾಲಿಗೆ ಗೊರ್ರೆಂದಿತು. ಯಾರೂ ಮುಟ್ಟದ ಯಂತ್ರ ಕೋಣೆಗೆಲ್ಲ ನೀಲಿ ಬೆಳಕು ಚೆಲ್ಲಿಕೊಂಡು ನಿಂತಿತ್ತು. ನನ್ನ ಹೆದರಿಕೆ ಅವ್ವನಿಗೆ ಗೊತ್ತಾಗಬಾರದೆಂದು ಅವಳ ಮೇಲೇ ಇನ್ನೊಂದು ಸಲ ರೇಗಿದೆ.

ರಿಪೇರಿಯವರು ಬಂದು ಆನ್ ಆಗುವಾಗ ಒಂದು ಕೀ ಒತ್ತಿ ಸೆಟ್ಟಿಂಗಿನ ಪರದೆ ತೆರೆದು ತೋರಿಸಿದರು. ಪ್ರತಿದಿನ ಬೆಳಗಿನ ಜಾವ ನಾಲ್ಕೂಕಾಲಿಗೆ ತಾನಾಗೇ ಆನ್ ಆಗಲಿ ಎಂದು ಯಾರೋ ಅದರಲ್ಲಿ ಇಟ್ಟಿದ್ದರು. ಬೋರ್ಡಿನ ಮೇಲೊಂದು ಪುಟ್ಟ ಬ್ಯಾಟರಿ ಇರುತ್ತದೆ. ಮನೆ ಬದಲಾದರೂ ಅದರಿಂದಾಗಿ ಬೋರ್ಡಿಗೆ ಎಲ್ಲ ನೆನಪಿರುತ್ತದೆ.

"ಇದೊಂದು ಆಫ್ ಮಾಡಿದ್ರೆ ಸಾಕು ಮೇಡಂ."

"ಎಲ್ಲಾ ಅಳಿಸಿ. ಆ ಮನೇದು ಒಂದು ಚೂರೂ ಇಲ್ಲಿ ಇರಬಾರದು," ಅಂದೆ. ಹೆದರಿದ್ದವಳ ಸಿಟ್ಟು ಅದು. ಅವರು ಬ್ಯಾಟರಿ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರು. ಬೋರ್ಡ್ ಎಲ್ಲವನ್ನೂ ಮರೆಯಿತು.

ಹತ್ತು ದಿನ ಕಳೆದ ಮೇಲೆ ಆ ರೈತರು ನಮ್ಮ ಮನೆ ಹುಡುಕಿಕೊಂಡು ಬಂದರು. ಬೋರ್ಡಿನ ಹಿಂಬದಿಗೆ ಕೂರಿಸುವ ತಗಡನ್ನು ನಾವು ಅಲ್ಲೇ ಮರೆತಿದ್ದೆವು. ಅದನ್ನು ಪೇಪರಿನಲ್ಲಿ ಸುತ್ತಿ ತಂದಿದ್ದರು. ಅದೊಂದು ನೆವ ಎಂದು ನೋಡಿದ ಕೂಡಲೇ ತಿಳಿಯುವಂತಿತ್ತು. ಕಾಫಿ ಮುಗಿದರೂ ಏಳಲಿಲ್ಲ.

"ಬೆಳಗಿನ ಜಾವ ಅದು ಏಳ್ತದಾ?" ಎಂದು ಕೇಳಿದರು.

ಕೇಳಿದವರೇ ಮಾತು ಮುಂದುವರಿಸಿದರು. "ಸೊಪ್ಪು ಬೇಯೋ ಕಾಲ್ದಲ್ಲಿ ಬ್ಯಾರನ್‌ಗೆ ಒತ್ತೊತ್ಗೆ ಸೌದೆ ಆಕ್ಬೇಕು. ನನ್ ಎಂಡ್ತಿ ಅದ್ಕೇ ಅಂತ ಅದ್ರಲ್ಲಿ ಏನೋ ಇಟ್ಕಂಡಿದ್ಲು. ಅದು ಎದ್ರೆ ಅವ್ಳೂ ಎದ್ದು ಓಗಿ ಬೆಂಕಿ ನೋಡ್ಕಂಡು ಬರೋಳು. ನನ್ನ ಎಬ್ಬುಸ್ತಾನೇ ಇರ್ಲಿಲ್ಲ. ಅವ್ಳು ಇರೋಗಂಟ ಆ ಸದ್ದು ನನ್ ಕಿವಿಗೇ ಬಿದ್ದಿರ್ಲಿಲ್ಲ ಕಣವ್ವ. ತಿಥಿ ಆದ ಮಾರ್ನೆ ದಿನ ಮೊದ್ಲು ಕೇಳ್ದೆ."

ಅದು ದಿನಾ ಏಳುವುದು, ಮನೆಯಲ್ಲಿ ಯಾರೂ ಏಳದಿರುವುದು. ತಡೆಯಲಾರದೆ ಕೊಟ್ಟುಬಿಟ್ಟರಂತೆ. ಈಗ ಅದಿಲ್ಲದೆಯೂ ನಾಲ್ಕೂಕಾಲಿಗೆ ಎದ್ದು ಕೂರುತ್ತಾರೆ, ಮತ್ತೆ ನಿದ್ದೆ ಹತ್ತುವುದಿಲ್ಲ. "ವಾಪಸ್ ಬ್ಯಾಡ ಕಣವ್ವ. ಇಲ್ಲಾದ್ರೂ ಏಳ್ತದೆ ಅಂತ ಗೊತ್ತಾದ್ರೆ ಸಾಕು."

ಅಳಿಸಿಬಿಟ್ಟೆ ಎನ್ನಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಬಾಗಿಲ ಬಳಿಯಿಂದ, "ಏಳ್ತದೆ ಕಣಪ್ಪ, ದಿನಾ ನಾನೇ ನೋಡ್ತೀನಿ," ಅಂದಳು. ಸುಳ್ಳು ಹೇಳಿದ್ದಕ್ಕೆ ಚಿಕ್ಕಂದಿನಲ್ಲಿ ನನಗೆ ಬರೆ ಹಾಕಿದ್ದ ಅವ್ವ.

"ಅಂಗಾರೆ ಒಂದ್ಸಲ ಫೋನ್‌ನಲ್ಲಿ ಕೇಳುಸ್ಬುಡವ್ವ. ಒಂದೇ ಸಲ," ಎಂದು ನಂಬರ್ ಕೊಟ್ಟು ಹೋದರು.

ಅವತ್ತು ಸಂಜೆ ನಾನೇ ಆ ಸೆಟ್ಟಿಂಗಿನ ಪರದೆ ತೆರೆದು ನಾಲ್ಕೂಕಾಲು ಇಟ್ಟೆ. ಬೆಳಗಿನ ಜಾವ ಎದ್ದು, ಎರಡು ನಿಮಿಷ ಮುಂಚೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. ಹೊತ್ತಿಗೆ ಸರಿಯಾಗಿ ಫ್ಯಾನ್ ಗೊರ್ರೆಂದಿತು. ಫೋನನ್ನು ಅದರ ಹತ್ತಿರ ಹಿಡಿದು, ಸದ್ದು ಅಡಗಿದ ಮೇಲೆ ಕಿವಿಗೆ ಇಟ್ಟುಕೊಂಡೆ.

"ಅದೇ ಕಣವ್ವ. ಎದ್ಲು," ಅಂದರು. ಆಮೇಲೆ ಮೆಲ್ಲಗೆ, "ಇನ್ನು ನಾನೊಂದ್ ಗಳಿಗೆ ಮಲಗ್ತೀನಿ."

ಆ ಹೆಣ್ಣುಮಗಳು ತನ್ನ ಕೈಯಾರೆ ಇಟ್ಟಿದ್ದ ಹೊತ್ತನ್ನು ಅಳಿಸಿ ಹಾಕಿದವಳು ನಾನು, ಈಗ ಇಟ್ಟವಳೂ ನಾನು. ಇದನ್ನು ಅವರಿಗೆ ಇವತ್ತಿಗೂ ಹೇಳಿಲ್ಲ. ಅದನ್ನು ಆಫ್ ಮಾಡುವ ಧೈರ್ಯವೂ ಬಂದಿಲ್ಲ. ದಿನಾ ಅದು ಏಳುತ್ತದೆ. ಅಲ್ಲಿ ಅವರು ಮಲಗಿರಲಿ ಎಂದು ಇಲ್ಲಿ ನಾನು ಎದ್ದು ಕೂರುತ್ತೇನೆ.