ಪಕ್ಕದಲ್ಲಿ ನಿಲ್ಲುವ ಕೆಲಸ

ಹಲ್ಲುನೋವಿಗೂ ಟೈಪ್‌ರೈಟರಿಗೂ ಒಂದು ಗುಣ ಸಮಾನ. ಡಾಕ್ಟರ ಮನೆಯ ಮೆಟ್ಟಿಲು ಹತ್ತುತ್ತಿದ್ದ ಹಾಗೆ ಹಲ್ಲುನೋವು ಮಾಯವಾಗುತ್ತದೆ. ನನ್ನ ಚಪ್ಪಲಿಯ ಸದ್ದು ಕೇಳಿದೊಡನೆ ಟೈಪ್‌ರೈಟರು ಸರಿಯಾಗುತ್ತಿತ್ತು. ಇದನ್ನು ಜಂಬ ಎಂದುಕೊಳ್ಳಬೇಡಿ, ನನ್ನ ಸಂಕಟ ಅದು. ಸರ್ಕಾರ ನನಗೆ ಸಂಬಳ ಕೊಡುತ್ತಿದ್ದದ್ದು ಯಂತ್ರ ರಿಪೇರಿ ಮಾಡಲು, ಬಂದು ನಿಲ್ಲಲು ಅಲ್ಲ. ಆದರೆ ಹೆಚ್ಚಿನ ದಿನ ನಾನು ಮಾಡಿದ್ದು ಎರಡನೆಯ ಕೆಲಸವನ್ನೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಮೈಸೂರಿನ ಬಿಸಿಲಲ್ಲಿ ಸುಖವಾಗಿದ್ದ ನನ್ನನ್ನು ಮಡಿಕೇರಿಯ ಸರ್ಕಾರಿ ಕಚೇರಿಯೊಂದಕ್ಕೆ ವರ್ಗ ಮಾಡಿದರು. ‘ಕಚೇರಿ ಯಂತ್ರೋಪಕರಣಗಳ ನಿರ್ವಹಣಾ ಸಹಾಯಕ’ ಎಂಬುದು ನನ್ನ ಹುದ್ದೆ. ಅಷ್ಟುದ್ದ ಕರೆಯುವಷ್ಟರಲ್ಲಿ ಯಂತ್ರ ಇನ್ನಷ್ಟು ಕೆಡುತ್ತದೆಂದೋ ಏನೋ, ಊರವರು ‘ಮಿಷನ್ ಡಾಕ್ಟ್ರು’ ಎಂದು ಮೊಟಕು ಮಾಡಿಬಿಟ್ಟರು. ಟೈಪ್‌ರೈಟರು, ಪ್ರತಿ ತೆಗೆಯುವ ಸೈಕ್ಲೋಸ್ಟೈಲು, ಟೆಲಿಫೋನು ಇವು ನನ್ನ ಖಾಯಂ ರೋಗಿಗಳು. ಹೊರರೋಗಿಗಳ ಸಾಲು ಬೇರೆ: ಸಾಹೇಬರ ಗೋಡೆ ಗಡಿಯಾರ, ಅವರ ಮನೆಯವರ ಹೊಲಿಗೆ ಯಂತ್ರ, ಗುಮಾಸ್ತರ ಟಾರ್ಚು, ಕಡ್ಡಿ ಮುರಿದ ಕೊಡೆ. ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಕಾಫಿ ಬೀಜ ಪುಡಿ ಮಾಡುವ ಯಂತ್ರವನ್ನೇ ಹೊತ್ತು ತಂದಿದ್ದರು. ಇದು ಸರ್ಕಾರಿ ಆಸ್ತಿಯಲ್ಲ ಎಂದೆ. “ಕಾಫಿ ಸರ್ಕಾರದವ್ರೂ ಕುಡೀತಾರಲ್ಲ ಸಾರ್?” ಎಂದರು. ವಾದ ಸರಿಯಾಗಿತ್ತು. ರಿಪೇರಿ ಮಾಡಿಕೊಟ್ಟೆ.

ದೂರುಗಳ ಸೊಗಸೇ ಬೇರೆ. ತಿತಿಮತಿಯ ಕಚೇರಿಯಿಂದ ಒಮ್ಮೆ ಫೋನು ಬಂತು. ಏನಾಗಿದೆ ಎಂದು ಕೇಳಿದೆ. “ಆಗ್ತಾ ಇಲ್ಲ ಸಾರ್.” ಏನು ಆಗುತ್ತಿಲ್ಲ ಎಂದೆ. “ಏನೂ ಆಗ್ತಾ ಇಲ್ಲ.” ಇಷ್ಟು ಸ್ಪಷ್ಟವಾದ ರೋಗಲಕ್ಷಣ ಹಿಡಿದುಕೊಂಡು ಬಸ್ಸಿನಲ್ಲಿ ಅರ್ಧ ದಿನ ಕುಲುಕಿಸಿಕೊಂಡು ಹೋದರೆ, ಗುಮಾಸ್ತರು ಗೇಟಿನಲ್ಲೇ ನಗುತ್ತ ನಿಂತಿದ್ದರು. ಬಸ್ಸು ನಿಂತ ಸದ್ದಿಗೇ ಯಂತ್ರ ಸರಿಯಾಯಿತಂತೆ! ಅವರ ಮನೆಯ ಅಕ್ಕಿರೊಟ್ಟಿ ತಿಂದು, ‘ಪರಿಶೀಲಿಸಲಾಯಿತು’ ಎಂದು ಬರೆದು ಹಿಂದಿರುಗಿದೆ. ಈಗಿನ ಕಚೇರಿಗಳಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಹುಡುಗರನ್ನು ಕಂಡಾಗ ನನಗೆ ನಮ್ಮವರನ್ನು ಕಂಡಷ್ಟು ಸಂತೋಷ. ಯಂತ್ರ ಬದಲಾಗಿದೆ, ದೂರು ಅದೇ ಇದೆ.

ನಾನು ಹೋದೊಡನೆ ಯಂತ್ರ ಸರಿಯಾಗುವಂಥದಕ್ಕೆ ನಮ್ಮ ಶಾಸ್ತ್ರಕಾರರು ಕಾಕತಾಳೀಯ ನ್ಯಾಯ ಎಂದು ಹೆಸರಿಟ್ಟಿದ್ದಾರೆ. ಕಾಗೆ ತಾಳೆಮರದ ಮೇಲೆ ಕೂತಿತು, ಅದೇ ಹೊತ್ತಿಗೆ ಹಣ್ಣು ಬಿತ್ತು. ನೋಡಿದವರು ಕಾಗೆಯ ಭಾರಕ್ಕೇ ಬಿತ್ತು ಎಂದರು. ಆದರೆ ಶಾಸ್ತ್ರಕಾರರು ಕಾಗೆಯನ್ನು ವಿಚಾರಿಸಿದ ಹಾಗೆ ಕಾಣುವುದಿಲ್ಲ. ಹೋದಲ್ಲೆಲ್ಲ ಹಣ್ಣು ಬೀಳುತ್ತಿದ್ದರೆ ಪಾಪ, ಕಾಗೆಗೂ ತನ್ನ ತೂಕದ ಬಗ್ಗೆ ಸ್ವಲ್ಪ ಹೆಮ್ಮೆ ಹುಟ್ಟದೇ ಇರುತ್ತದೆಯೆ? ನನಗಂತೂ ಹುಟ್ಟಿತ್ತು. ಆ ಹೆಮ್ಮೆಗೆ ಗ್ರೀಸು ಬಳಿದವನು ದಫೇದಾರ ಕುಶಾಲಪ್ಪ.

ಕುಶಾಲಪ್ಪ ಪಲ್ಟನಿನಿಂದ ನಿವೃತ್ತನಾಗಿ ನಮ್ಮ ಕಚೇರಿಯ ದಫೇದಾರನಾಗಿದ್ದವನು. ಮೀಸೆ, ಬೆನ್ನು ಎರಡೂ ನೆಟ್ಟಗೆ. ಅವನ ಕಣ್ಮಣಿಯೆಂದರೆ ನಮ್ಮ ಟೈಪಿಸ್ಟ್ ಪೂವಮ್ಮ. ರಕ್ತ ಸಂಬಂಧವಿರಲಿಲ್ಲ, ಅವನ ಊರ ಕಡೆಯ ಹುಡುಗಿ, ಅಷ್ಟೆ. ಕೊಡಗಿನ ಗೌಡರಾಡುವ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುತ್ತಾರೆ. ಇಡೀ ಕಚೇರಿಗೆ ಪೂವಮ್ಮನಾಗಿದ್ದವಳು ಅವನಿಗೆ ‘ನಮ್ಮ ಗೂಡೆ’. ಅವಳಿಗೆ ಅವನು ಮಾವ. ಪೂವಮ್ಮನದು ತಾತ್ಕಾಲಿಕ ಕೆಲಸ. ಹೊಸದಾಗಿ ಬಂದಿದ್ದ ಕನ್ನಡ ಟೈಪ್‌ರೈಟರಿನ ಮೇಲೆ ವೇಗಪರೀಕ್ಷೆ ನಡೆಸಲು ಬೆಂಗಳೂರಿನಿಂದ ಅಧಿಕಾರಿಗಳು ಸೋಮವಾರ ಬರುವವರಿದ್ದರು. ಪಾಸಾದರೆ ಕೆಲಸ ಖಾಯಂ, ಇಲ್ಲವಾದರೆ ಅವಳ ಜಾಗಕ್ಕೆ ಬೇರೆಯವರು. ಆ ಹುಡುಗಿಗೆ ಆ ಯಂತ್ರದ ಮೇಲೆ ಎಷ್ಟು ಪ್ರೀತಿಯೆಂದರೆ, ಸಂಜೆ ಅದಕ್ಕೆ ಮುಸುಕು ಹಾಕುವಾಗ ಮಗುವಿಗೆ ಕಂಬಳಿ ಹೊದಿಸುವ ಹಾಗೆ ಅಂಚು ಸಿಕ್ಕಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿನ ಮುಂದೆ ಕೂತಿದ್ದಾಗ ಪೂವಮ್ಮ ಕೊಡೆಯನ್ನೂ ಮಡಚದೆ ಬಾಗಿಲಲ್ಲಿ ನಿಂತಳು. ಅಭ್ಯಾಸಕ್ಕೆಂದು ಕಚೇರಿಗೆ ಹೋಗಿದ್ದಳಂತೆ. “ಸಾರ್, ಒತ್ತಿದ ಅಕ್ಷರ ಎಲ್ಲ ಮೇಲೆದ್ದು ನಿಂತುಬಿಟ್ಟಿದೆ. ಕೆಳಗೆ ಇಳೀತಾನೇ ಇಲ್ಲ!” ನಾನು ಗತ್ತಿನಿಂದಲೇ ಹೊರಟೆ. ಹೋಗಿ ನಿಂತೆ. ಚಪ್ಪಲಿ ಸದ್ದು ಮಾಡಿದೆ. ಕೆಮ್ಮಿದೆ. ಯಂತ್ರ ಕ್ಯಾರೇ ಎನ್ನಲಿಲ್ಲ. ಬಗ್ಗಿ ನೋಡಿದರೆ ಅಕ್ಷರದ ಕಡ್ಡಿಗಳ ಬುಡದಲ್ಲೆಲ್ಲ ಬೆರಳು ದಪ್ಪ ಗ್ರೀಸು!

ಕುಶಾಲಪ್ಪ ಎದೆಯುಬ್ಬಿಸಿ ಬಂದ. “ನಾನೇ ಹಾಕಿದ್ದು ಸಾರ್. ಮಳೆ ಹಿಡಿಯೋ ಮೊದ್ಲು ಕೋವಿಗೆ ಗ್ರೀಸು ಬಳೀದಿದ್ರೆ ಕೋವಿ ಉಳೀತದಾ? ನಮ್ಮ ಗೂಡೆ ನಾಳೆ ಯುದ್ಧಕ್ಕೆ ಹೋಗೋದು. ಅವಳ ಕೋವಿ ಇದೇ ಅಲ್ವಾ?” ಕೊಡಗಿನಲ್ಲಿ ಮನೆಮನೆಗೂ ಕೋವಿ. ಮಳೆಗಾಲದ ಮುಂಚೆ ಅದನ್ನು ಒರೆಸಿ ಗ್ರೀಸು ಸವರಿ ಇಡದವನು ಮನುಷ್ಯನೇ ಅಲ್ಲ. ಕೋವಿಗೆ ಅದು ಸರಿ. ಟೈಪ್‌ರೈಟರಿನ ಕಡ್ಡಿಗಳೋ ಒಣಗಿದ್ದರೇ ಓಡುವವು. ಗ್ರೀಸು ಕಂಡರೆ ಊಟವಾದ ಗುಮಾಸ್ತರ ಹಾಗೆ ಕೂತಲ್ಲೇ ಕೂರುತ್ತವೆ. ಇದನ್ನು ತಿಳಿಸಿದಾಗ ಕುಶಾಲಪ್ಪನ ಮೀಸೆ ಮೊದಲ ಬಾರಿಗೆ ಇಳಿಯಿತು. “ಅಯ್ಯೋ, ನಾ ಎಂಥ ಮಾಡಿಬಿಟ್ಟೆ ಗೂಡೆ!” ಪೂವಮ್ಮನ ಕಣ್ಣಲ್ಲಿ ನೀರಿತ್ತು. ಆದರೂ ಅವನ ಮುಖ ನೋಡಿ, “ಇರ್ಲಿ ಮಾವ, ತುಕ್ಕಂತೂ ಹಿಡಿಯೋದಿಲ್ಲ” ಎಂದಳು. ನಾನು ಅಂಗಿಯ ತೋಳು ಮಡಚಿದೆ.

ಮೂವರೂ ಕೂತೆವು. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಪಂಚೆಯ ಚಿಂದಿ. ಒಂದೊಂದೇ ಕಡ್ಡಿ ತೊಳೆದು ಒರೆಸಿದೆವು. ಇನ್ನು ಒಣಗಬೇಕು. ಮಡಿಕೇರಿಯ ಮಳೆಗಾಲದಲ್ಲಿ ಬಿಸಿಲನ್ನು ಎಲ್ಲಿಂದ ತರೋಣ? ಕುಶಾಲಪ್ಪ ಮನೆಗೆ ಓಡಿ, ಮೊಮ್ಮಗುವಿನ ಬಟ್ಟೆ ಒಣಗಿಸುವ ಬಿದಿರಿನ ಬುಟ್ಟಿಯನ್ನೂ ಕೆಂಡದ ಮಡಕೆಯನ್ನೂ ತಂದ. ಸೀಮೆಎಣ್ಣೆಯ ಪಸೆ ಪೂರಾ ಆರಿದ್ದನ್ನು ನೋಡಿಕೊಂಡು, ಕಿಡಿ ಹಾರದಂತೆ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಪಕ್ಕದಲ್ಲಿ ಬೆಚ್ಚಗೆ ಸರ್ಕಾರದ ಟೈಪ್‌ರೈಟರನ್ನು ಕೂರಿಸಿದೆವು. ಅಭ್ಯಾಸಬಲದಿಂದ ಅವನು ಕೆಂಡಕ್ಕೆ ಚಿಟಿಕೆ ಸಾಂಬ್ರಾಣಿಯನ್ನೂ ಹಾಕಿದ. ಸಂಜೆಯ ಹೊತ್ತಿಗೆ ಯಂತ್ರ ಬಾಣಂತಿ ಕೋಣೆಯಿಂದ ಎದ್ದು ಬಂದ ಕೂಸಿನ ಹಾಗೆ ಘಮಘಮ ಎನ್ನುತ್ತಿತ್ತು. ಅಕ್ಷರಗಳು ಏಳುತ್ತಿದ್ದವು, ಇಳಿಯುತ್ತಲೂ ಇದ್ದವು. ಒಂದೆರಡು ಮಾತ್ರ ಇಳಿಯುವ ಮುಂಚೆ ಸ್ವಲ್ಪ ಯೋಚಿಸುತ್ತಿದ್ದವು.

ಸೋಮವಾರ ಬೆಂಗಳೂರಿನ ಅಧಿಕಾರಿ ಒಳಗೆ ಬಂದವರೇ ಮೂಗರಳಿಸಿ, “ಇಲ್ಲಿ ಪೂಜೆ ಏನಾದರೂ ಇತ್ತೆ?” ಎಂದರು. ಪೂವಮ್ಮ ಲಗುಬಗೆಯಿಂದ ಯಂತ್ರಕ್ಕೆ ಹಾಳೆ ಸೇರಿಸಿದಳು. ಪರೀಕ್ಷೆ ನಡೆಯುವಾಗ ಯಂತ್ರವನ್ನು ನಾನು ಮುಟ್ಟುವಂತಿರಲಿಲ್ಲ. ಪೂವಮ್ಮ ಮೆಲ್ಲಗೆ, “ನೀವು ಇಲ್ಲೇ ನಿಂತಿರಿ ಸಾರ್, ಸಾಕು” ಎಂದಳು. ನಿಂತೆ. ಅವಳ ಬೆರಳು ಶುರುವಾದದ್ದೇ, ತಗಡಿನ ಮಾಡಿಗೆ ಮಳೆ ಬಿದ್ದ ಹಾಗೆ ಸದ್ದು ಕೋಣೆ ತುಂಬಿತು. ಅರ್ಧ ಹಾಳೆಯಲ್ಲಿ ಒಂದು ಕಡ್ಡಿ ಮೇಲೆದ್ದದ್ದು ಅಲ್ಲೇ ನಿಂತಿತು. ಅವಳು ತಲೆಯೆತ್ತಿದಳು, ಮುಖ ಬಿಳುಚಿಕೊಂಡಿತ್ತು. ನಾನು ಒಂದು ಹೆಜ್ಜೆ ಹತ್ತಿರ ಸರಿದೆ, ಅಷ್ಟೇ. ಅವಳ ನೋಟ ನನ್ನನ್ನು ದಾಟಿ ಬಾಗಿಲಿಗೆ ಹೋಯಿತು. ಉಸಿರೆಳೆದುಕೊಂಡು ಬೆರಳಿಂದ ಆ ಕಡ್ಡಿಯನ್ನು ಮೆಲ್ಲಗೆ ತಟ್ಟಿದಳು. ಅದು ಇಳಿಯಿತು. ಮಳೆ ಮತ್ತೆ ಶುರುವಾಯಿತು.

ಅಧಿಕಾರಿ ಗಡಿಯಾರ ನೋಡಿದರು, ಹಾಳೆ ನೋಡಿದರು, “ಪಾಸು” ಎಂದರು. ಪೂವಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡಿದೆ.

ನನ್ನ ನಿಲುವಿನ ಮಹಿಮೆಯನ್ನು ಮೆಚ್ಚಿಕೊಳ್ಳುತ್ತಲೇ ಹೊರಗೆ ಬಂದರೆ, ಬಾಗಿಲ ಪಕ್ಕದಲ್ಲಿ ಕುಶಾಲಪ್ಪ. ಸೂರಿನ ನೀರು ಒಂದು ಭುಜದ ಮೇಲೆ ಸುರಿಯುತ್ತಿದ್ದರೂ ಅಟೆನ್ಷನ್ನಿನಲ್ಲಿ ನಿಂತೇ ಇದ್ದ. ಪರೀಕ್ಷೆ ಶುರುವಾದಾಗಿನಿಂದ ಅಲ್ಲಾಡಿರಲಿಲ್ಲವಂತೆ. ತಾಳೆಮರದ ಮೇಲೆ ಇನ್ನೊಂದು ಕಾಗೆ!

“ನಾನು ಒಳಗೆ ನಿಂತಿದ್ದೆನಲ್ಲ ಮಾರಾಯ, ನೀನೇಕೆ ನೆನೆದೆ?” ಎಂದೆ.

“ನೀವು ಮಿಷನ್‌ಗೆ ನಿಂತ್ರಿ ಸಾರ್” ಎಂದ ಕುಶಾಲಪ್ಪ. “ಗೂಡೆಗೂ ಒಬ್ಬ ಬೇಡ್ವಾ?”

ಆಮೇಲೆ ಎಷ್ಟೋ ಊರುಗಳಿಗೆ ವರ್ಗವಾಯಿತು, ಎಷ್ಟೋ ಯಂತ್ರಗಳು ನನ್ನ ಚಪ್ಪಲಿ ಸದ್ದಿಗೆ ಸರಿಯಾದವು. ದೂರು ಬಂದಲ್ಲಿಗೆ ಹೋದಾಗ ನಾನು ಮೊದಲು ಯಂತ್ರ ನೋಡುವುದನ್ನು ಬಿಟ್ಟೆ. ಅದರ ಮುಂದೆ ಕೂತವರನ್ನು ನೋಡಿ, “ಕಾಫಿ ಆಯ್ತೇ?” ಎಂದು ಕೇಳುತ್ತಿದ್ದೆ. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತಿತ್ತು.